12 ಮೀಟರ್ ಹಳ್ಳಕ್ಕೆ ಕಾಯಂ ಕಾಲುಸಂಕ: ಯಾವ ಬೀಮು, ಪಾಯ ಎಷ್ಟು ಆಳ?

ತೋಟದಾಚೆ
ತೀರ್ಥಹಳ್ಳಿ ಕಡೆಯ ಒಂದು ಹಳ್ಳ. ಈಗ ಅಡಿಕೆ ಮರದ ಸಂಕ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸದಾಗಿ ಹಾಸಬೇಕು. ಅದರ ಬದಲು ಕಬ್ಬಿಣದ ಬೀಮು, ಮೇಲೆ ಕಾಂಕ್ರೀಟ್ ಹಾಸು ಹಾಕುವ ಯೋಚನೆ. ಅಳತೆಗಳು ಹೀಗಿವೆ:

ತಳದಲ್ಲಿ ಅಗಲ 10 ಮೀ., ದಂಡೆಯಿಂದ ದಂಡೆಗೆ 12 ಮೀ. ದಂಡೆ ತಳದಿಂದ 2.8 ಮೀ. ಎತ್ತರ. 2019ರ ಆಗಸ್ಟ್ ನೆರೆಯ ಗುರುತು ತಳದಿಂದ 2.2 ಮೀ. ಮೇಲೆ. ಬಲದಂಡೆಯಲ್ಲಿ ತಳದಿಂದ 1 ಮೀ. ಕೆಳಗೆ ಕರಿಕಲ್ಲು ಸಿಗುತ್ತದೆ, ಎಡದಂಡೆ ಮರಳುಮಣ್ಣು. ಸಂಕದ ಅಗಲ 1.2 ಮೀ. ಸಾಕು. ಜನ, ಶಾಲೆ ಮಕ್ಕಳು, ಕೈಗಾಡಿ, ಹೆಚ್ಚೆಂದರೆ ಬೈಕು. ಅಂಗಡಿಯವರು ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ, ಐ ಆಕಾರದ ಉಕ್ಕಿನ ಬೀಮು) ಎರಡು ಸಾಕು ಅನ್ನುತ್ತಾರೆ. ಸರಿಯೇ?

ಜಲಮಾಪಕ
ಬೀಮಿನ ಮಾತು ಕೊನೆಗಿರಲಿ, ಮೊದಲು ನೀರು ಎಷ್ಟು ಅಂತ ನೋಡಿ. ನೀವು ಕೊಟ್ಟ ಅಳತೆಗೆ ಹರಿವಿನ ಅಡ್ಡಕೊಯ್ತ ಸುಮಾರು 23.7 ಚದರ ಮೀಟರ್, ಒದ್ದೆಯಾಗುವ ಸುತ್ತಳತೆ 14.7 ಮೀ. ಭಾಗಿಸಿದರೆ 1.61. ಹಳ್ಳದ ಇಳಿಜಾರು 250ಕ್ಕೆ 1 ಎಂದುಕೊಂಡು, ಕಲ್ಲುಗುಂಡಿನ ತಳಕ್ಕೆ ಮ್ಯಾನಿಂಗ್ ಅಂಕ (ತಳ ಎಷ್ಟು ಒರಟು ಎಂಬುದರ ಅಳತೆ) 0.045 ಹಿಡಿದರೆ ವೇಗ ಸೆಕೆಂಡಿಗೆ 1.93 ಮೀ., ಹರಿವು ಸೆಕೆಂಡಿಗೆ 45 ಘನಮೀಟರ್ ದಾಟುತ್ತದೆ.

ಇದನ್ನು ಇನ್ನೊಂದು ದಾರಿಯಲ್ಲೂ ತಾಳೆ ನೋಡಿ. ಹಳ್ಳಕ್ಕೆ ನೀರು ಬರುವ ಜಾಗ 3 ಚದರ ಕಿ.ಮೀ. ಇದ್ದರೆ, ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ 0.6 ಪಾಲು ಹರಿದು ಬಂದರೆ: 0.278 × 0.6 × 60 × 3 = 30 ಘನಮೀಟರ್. ಎರಡರಲ್ಲಿ ದೊಡ್ಡದನ್ನೇ ಹಿಡಿಯಿರಿ. ಒಂದು ಇನ್ನೊಂದರ ಎರಡು ಪಟ್ಟು ಬಂದರೆ ನೆರೆಯ ಗುರುತೋ ಇಳಿಜಾರೋ ತಪ್ಪಾಗಿದೆ ಎಂದರ್ಥ. ಇಳಿಜಾರನ್ನು ಸಂಕದ ಜಾಗದಲ್ಲಿ ಮಾತ್ರ ಅಳೆದರೆ ಹೀಗಾಗುತ್ತದೆ. ಮೇಲೆ ನೂರು, ಕೆಳಗೆ ನೂರು ಮೀಟರ್ ಹೋಗಿ, ಒಟ್ಟು ಮೂರು ಕಡೆ ಅಡ್ಡಕೊಯ್ತ ತೆಗೆಯಿರಿ.

ಹರಿವು 30ರಿಂದ 300 ಘನಮೀಟರ್ ನಡುವೆ ಇದ್ದರೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪ್ರಕಾರ ನೆರೆಮಟ್ಟದಿಂದ ಬೀಮಿನ ತಳಕ್ಕೆ 900 ಮಿ.ಮೀ. ಖಾಲಿ ಬಿಡಬೇಕು. ಅಂದರೆ ಬೀಮಿನ ತಳ ಹಳ್ಳದ ತಳದಿಂದ 3.1 ಮೀ., ನಿಮ್ಮ ದಂಡೆಗಿಂತಲೂ 30 ಸೆಂ.ಮೀ. ಮೇಲೆ. ದಂಡೆಯ ಮಟ್ಟಕ್ಕೇ ಬೀಮು ಮಲಗಿಸುವುದು ಮಲೆನಾಡಿನಲ್ಲಿ ಎಲ್ಲ ಕಡೆ ಕಾಣುವ ತಪ್ಪು.

ತೋಟದಾಚೆ
900 ಜಾಸ್ತಿ ಆಯಿತಲ್ಲವೇ? ಅಷ್ಟು ಎತ್ತರಿಸಿದರೆ ಎರಡೂ ಕಡೆ ಏರು ಕಟ್ಟಬೇಕು.

ಜಲಮಾಪಕ
ಆ ಜಾಗ ನೀರಿಗಲ್ಲ, ನೀರಿನ ಜೊತೆ ಬರುವ ಮರದ ದಿಮ್ಮಿಗೆ, ಬಿದಿರಿನ ಬುಡಕ್ಕೆ. ಲೆಕ್ಕ ನೋಡಿ. ನೀರಿನ ತಳ್ಳುವ ಒತ್ತಡ ಚದರ ಮೀಟರಿಗೆ 52 × ಆಕಾರದ ಅಂಕ × ವೇಗದ ವರ್ಗ, ಕೆ.ಜಿ.ಯಲ್ಲಿ. ಚಪ್ಪಟೆ ಮೈಗೆ ಆಕಾರದ ಅಂಕ 1.5. ಮೇಲ್ಮೈ ವೇಗದ ವರ್ಗಕ್ಕೆ ಸರಾಸರಿ ವೇಗದ ವರ್ಗದ ಎರಡರಷ್ಟು ಹಿಡಿಯಬೇಕು. ನಿಮ್ಮಲ್ಲಿ 580 ಕೆ.ಜಿ. ಬರುತ್ತದೆ. ಕೈಗಂಬಿಗೆ ಕಸ ತುಂಬಿ ಒಂದೂವರೆ ಮೀಟರ್ ಎತ್ತರದ ಗೋಡೆಯಂತಾದರೆ 12 ಮೀಟರಿಗೆ 10 ಟನ್ ಮೀರಿ ಅಡ್ಡಡ್ಡ ತಳ್ಳುತ್ತದೆ. ಇಡೀ ಸಂಕದ ಸ್ವಂತ ತೂಕ ಆರು ಟನ್ ಕೂಡ ಇಲ್ಲ.

ಏರಿನ ಬಗ್ಗೆ: ಬೀಮು, ಹಾಸು ಸೇರಿ ಮೇಲ್ಮೈ ದಂಡೆಗಿಂತ ಮುಕ್ಕಾಲು ಮೀಟರ್ ಮೇಲೆ ಬರುತ್ತದೆ. 10ಕ್ಕೆ 1 ಇಳಿಜಾರಾದರೆ ಒಂದೊಂದು ಕಡೆ ಏಳೂವರೆ ಮೀಟರ್. ಕೈಗಾಡಿ ಇರುವುದರಿಂದ ಮೆಟ್ಟಿಲು ಬೇಡ.

ಬೀಮುಲೆಕ್ಕ
ಈಗ ಬೀಮು. ಎರಡು ಆಸರೆಗಳ ನಡುವೆ ಲೆಕ್ಕಕ್ಕೆ ಬರುವ ಉದ್ದ 12.6 ಮೀ. ಹಿಡಿಯೋಣ. ಜನದಟ್ಟಣೆಯ ಭಾರ ಚದರ ಮೀಟರಿಗೆ 400 ಕೆ.ಜಿ., 1.2 ಮೀ. ಅಗಲಕ್ಕೆ ಮೀಟರಿಗೆ 480. 100 ಮಿ.ಮೀ. ಹಾಸು 300, ಬೀಮು ಕೈಗಂಬಿ ಎಲ್ಲ ಸೇರಿ 130. ಒಟ್ಟು ಮೀಟರಿಗೆ 910 ಕೆ.ಜಿ.

ಐಎಸ್‌ಎಂಬಿ 300 ಎರಡಿಟ್ಟರೆ ಒಳಒತ್ತಡ 154 ಮೆಗಾಪ್ಯಾಸ್ಕಲ್, ಮಿತಿ 165. ಅಂಗಡಿಯವರು ಸಾಕು ಅಂದದ್ದು ಇದನ್ನೇ. ಆದರೆ ಜನದ ಭಾರಕ್ಕೆ ನಡುವೆ 45 ಮಿ.ಮೀ. ಬಾಗುತ್ತದೆ, ಉದ್ದದ 280ರಲ್ಲಿ ಒಂದು ಪಾಲು. ಸ್ವಾಭಾವಿಕ ಕಂಪನ ಸೆಕೆಂಡಿಗೆ 2.8 ಬಾರಿ. ಮನುಷ್ಯ ಹೆಜ್ಜೆ ಹಾಕುವುದು ಸೆಕೆಂಡಿಗೆ ಎರಡರ ಆಸುಪಾಸು, ಮಕ್ಕಳು ಓಡಿದರೆ ಮೂರರ ಹತ್ತಿರ. ಸಂಕ ಮುರಿಯುವುದಿಲ್ಲ, ಆದರೆ ತೊನೆಯುತ್ತದೆ. ತೊನೆಯುತ್ತಿದ್ದರೆ ಹಾಸಿನಲ್ಲಿ ಬಿರುಕು ಬಿಟ್ಟು ಬೀಮಿನ ಮೇಲ್ಪಟ್ಟಿಗೆ ನೀರು ಇಳಿಯುತ್ತದೆ.

ಐಎಸ್‌ಎಂಬಿ 350 ಹಾಕಿ. ಬಾಗು 28 ಮಿ.ಮೀ., ಅಂದರೆ 440ರಲ್ಲಿ ಒಂದು. ಕಂಪನ ಸೆಕೆಂಡಿಗೆ 3.5. ಎರಡು ಬೀಮಿಗೆ ಸೇರಿ ಹೆಚ್ಚಾಗುವ ಕಬ್ಬಿಣ ಸುಮಾರು 210 ಕೆ.ಜಿ. ಮಾತ್ರ.

ಬೀಮುಗಳ ನಡುವಿನ ಅಂತರ 80 ಸೆಂ.ಮೀ., ಎರಡೂ ಕಡೆ 20 ಸೆಂ.ಮೀ. ಹೊರಚಾಚು. ಪ್ರತಿ ಎರಡೂವರೆ ಮೀಟರಿಗೆ ಐಎಸ್‌ಎಂಸಿ 150 (150 ಮಿ.ಮೀ. ಎತ್ತರದ, ಸಿ ಆಕಾರದ ಉಕ್ಕು) ಅಡ್ಡಪಟ್ಟಿ. ಇದನ್ನು ಕಾಂಕ್ರೀಟ್ ಸುರಿಯುವ ಮೊದಲೇ ಹಾಕಬೇಕು. ಹಸಿ ಕಾಂಕ್ರೀಟಿನ ಭಾರ ಬಿದ್ದಾಗ ಬೀಮಿನ ಮೇಲ್ಪಟ್ಟಿಯನ್ನು ಹಿಡಿದುಕೊಳ್ಳುವವರು ಯಾರೂ ಇರುವುದಿಲ್ಲ, ಅದು ಪಕ್ಕಕ್ಕೆ ಸೊಟ್ಟಗಾಗುವುದು ಆ ಒಂದು ದಿನವೇ.

ವೆಲ್ಡಿಂಗ್‌ಶಾಪ್
ಅಂಗಡಿಯಲ್ಲಿ ಸಿಗುವುದು 12 ಮೀ. ಉದ್ದ. ನಿಮಗೆ 13 ಮೀ. ಬೇಕು. ಜೋಡಣೆ ಇದ್ದೇ ಇದೆ. ಇಲ್ಲಾ ಬಲದಂಡೆಯ ಗೋಡೆಯನ್ನು ಹಳ್ಳದೊಳಗೆ ಒಂದು ಮೀಟರ್ ತನ್ನಿ, ಕಲ್ಲೇ ಇದೆಯಲ್ಲ. ಆಗ 12ರ ಬೀಮು ಇಡಿಯಾಗಿ ಕೂರುತ್ತದೆ.

ಜಲಮಾಪಕ
ಬೇಡ. ಬೀಮಿನ ಉದ್ದಕ್ಕೆ ತಕ್ಕ ಹಾಗೆ ಹಳ್ಳ ಕುಗ್ಗಿಸಿದರೆ ಆ ದಂಡೆಯಿಂದ ಸಿಡಿದ ನೀರು ಎದುರಿನ ಮರಳುಮಣ್ಣನ್ನೇ ಕೊರೆಯುತ್ತದೆ.

ಬೀಮುಲೆಕ್ಕ
ಜೋಡಣೆಗೆ ಹೆದರಬೇಡಿ, ಜಾಗ ಸರಿಯಾಗಿ ಆರಿಸಿ. ಆರೂವರೆ ಮೀಟರಿನ ಎರಡು ತುಂಡು ತಂದು ನಟ್ಟನಡುವೆ ಬೆಸೆದರೆ ಬಾಗುಬಲ ಪೂರ್ತಿ ಅಲ್ಲೇ. 12 ಮೀಟರಿಗೆ 1 ಮೀಟರಿನ ತುಂಡು ಸೇರಿಸಿದರೆ ಜೋಡಣೆಯ ಜಾಗದಲ್ಲಿ ಬಾಗುಬಲ ನಡುವಿನದರ ಕಾಲುಭಾಗ, ಲೆಕ್ಕದಲ್ಲಿ ಶೇ. 24. ಒಂದು ಬೀಮಿನ ಜೋಡಣೆ ಎಡದಂಡೆಗೆ, ಇನ್ನೊಂದರದ್ದು ಬಲದಂಡೆಗೆ ಬರಲಿ.

ವೆಲ್ಡಿಂಗ್‌ಶಾಪ್
ಹಾಗಾದರೆ ತುದಿಗಳಿಗೆ ಎರಡೂ ಕಡೆಯಿಂದ ಇಳಿಜಾರು ಕೊಟ್ಟು ಪೂರ್ತಿ ಆಳಕ್ಕೆ ವೆಲ್ಡ್ ತುಂಬಿಸಬೇಕು. ಮೇಲಿಂದ ಒಂದು ಗೆರೆ ಎಳೆದು ಗ್ರೈಂಡರ್ ಹೊಡೆದು ಬಣ್ಣ ಬಳಿದರೆ ನೋಡಲು ಒಂದೇ ತರ ಇರುತ್ತದೆ, ಮೋಸ ಗೊತ್ತಾಗುವುದಿಲ್ಲ. ಬಣ್ಣ ಹಾಕುವ ಮುಂಚೆ ನೋಡಿ ಒಪ್ಪಿಕೊಳ್ಳಿ.

ತುಕ್ಕು: ವರ್ಷಕ್ಕೆ 3000 ಮಿ.ಮೀ. ಮಳೆ ಬೀಳುವ ಕಡೆ ರೆಡ್ ಆಕ್ಸೈಡ್ ಒಂದು ಕೋಟು ಅಂದರೆ ಎರಡು ಮಳೆಗಾಲ. ಮರಳು ಊದಿ ಸಿಪ್ಪೆ ತೆಗೆದು, ಸತುವಿನ ಎಪಾಕ್ಸಿ ಪ್ರೈಮರ್, ಮೇಲೆ ಎಪಾಕ್ಸಿ, ಕೊನೆಗೆ ಪಾಲಿಯುರೆಥೇನ್. ತುಕ್ಕು ಮೊದಲು ಹಿಡಿಯುವುದು ಬೀಮು ಗೋಡೆಯ ಮೇಲೆ ಕೂರುವ ಜಾಗ. ಎಲೆ, ಮಣ್ಣು ಅಲ್ಲಿ ನಿಂತು ವರ್ಷವಿಡೀ ಒದ್ದೆ. ಗೋಡೆಯ ಮೇಲೆ 15 ಸೆಂ.ಮೀ. ದಿಂಡು ಮಾಡಿ ಅದರ ಮೇಲೆ ಕೂರಿಸಿ, ಕೈ ಹಾಕಿ ಕಸ ತೆಗೆಯಲು ಜಾಗ ಇರಬೇಕು.

ತೋಟದಾಚೆ
ಕಾಂಕ್ರೀಟ್ ಬದಲು ಗೀರುತಗಡು ಹಾಕಿದರೆ ಹಗುರ ಆಗುವುದಿಲ್ಲವೇ?

ಕಲ್ಲುಗಾರೆ
ಹಗುರ ಹೌದು, 6 ಮಿ.ಮೀ. ತಗಡು ಚದರ ಮೀಟರಿಗೆ 50 ಕೆ.ಜಿ. ಆಸುಪಾಸು. ಆದರೆ ಜುಲೈ ಹೊತ್ತಿಗೆ ಹಾವಸೆ ಕಟ್ಟಿ ಗೀರು ಮುಚ್ಚುತ್ತದೆ, ಮಕ್ಕಳು ಜಾರುತ್ತಾರೆ. ಕಾಂಕ್ರೀಟ್ ಹಾಸಿ, ಹಸಿ ಇರುವಾಗಲೇ ತೆಂಗಿನ ಪೊರಕೆಯಲ್ಲಿ ಅಡ್ಡಡ್ಡ ಗೀರಿ.

ಲೆಕ್ಕ: 13 × 1.2 × 0.1, ಒಂದೂವರೆ ಘನಮೀಟರ್ ಚಿಲ್ಲರೆ. ಎಂ25 ದರ್ಜೆಯ ಕಾಂಕ್ರೀಟಿಗೆ ಘನಮೀಟರಿಗೆ ಏಳು ಚೀಲದಂತೆ 11 ಚೀಲ ಸಿಮೆಂಟು. 8 ಮಿ.ಮೀ. ಸರಳು ಎರಡೂ ದಿಕ್ಕಿಗೆ 150 ಮಿ.ಮೀ. ಅಂತರದಲ್ಲಿ, ಸುಮಾರು 85 ಕೆ.ಜಿ. ಹೊರಚಾಚಿನ ಮೇಲೆ ಸರಳು ಮೇಲ್ಭಾಗದಲ್ಲಿ ಇರಬೇಕು, ಕಾಂಕ್ರೀಟ್ ಸುರಿಯುವವರು ತುಳಿದು ತಳಕ್ಕೆ ಇಳಿಸಿಬಿಡುತ್ತಾರೆ. ಮೇಲಿನ ಸರಳನ್ನು ಎತ್ತಿ ಹಿಡಿಯುವ ಕುರ್ಚಿಸರಳು ಕಟ್ಟಿಸಿ. ನಡುವೆ 15 ಮಿ.ಮೀ. ಉಬ್ಬು ಕೊಟ್ಟರೆ ನೀರು ಎರಡು ಬದಿಗೆ ಹರಿಯುತ್ತದೆ. ಅಂಚಿನ ತಳದಲ್ಲಿ 12 ಮಿ.ಮೀ. ಸಣ್ಣ ತೋಡು ತೆಗೆದರೆ ಆ ನೀರು ಬೀಮಿನ ಕಡೆಗೆ ಒಸರುವುದಿಲ್ಲ.

ಕೈಗಂಬಿ 1.1 ಮೀ. ಎತ್ತರ, 40ರ ಜಿ.ಐ. ಪೈಪು, ಕಂಬಕ್ಕೆ ಕಂಬ ಒಂದೂವರೆ ಮೀಟರ್.

ಕಡವುಮನೆ
ಶಾಲೆ ಮಕ್ಕಳಿದ್ದಾರೆ ಅಂದರೆ ಎರಡು ಪೈಪು ಸಾಲದು, ಜಾಲರಿ ಬೇಕು. ಆದರೆ ಜಾಲರಿಯೇ ಕಸ ಹಿಡಿಯುವುದು. ಬೀಮಿನ ತಳ ನೆರೆಯಿಂದ 900 ಮೇಲೆ ಇದ್ದರಷ್ಟೇ ಜಾಲರಿ ಹಾಕಿ. ನೀರು ಮೇಲೆ ಹರಿಯುವ ತಗ್ಗುಸಂಕವಾದರೆ ಕೈಗಂಬಿ ಕಳಚುವ ಹಾಗೆ ತೋಳುಪೈಪಿನಲ್ಲಿ ಇಟ್ಟು, ಜೂನ್‌ನಲ್ಲಿ ಬಿಚ್ಚಬೇಕು. ಅಂಥ ಸಂಕ ಮಕ್ಕಳಿಗೆ ಸಲ್ಲ.

ಕಲ್ಲುಗಾರೆ
ಇನ್ನು ಗೋಡೆ. ಬೀಮಿನಿಂದ ಒಂದು ಗೋಡೆಗೆ ಬರುವ ಭಾರ ಆರು ಟನ್ ಒಳಗೆ. ಗೋಡೆಯೇ ಅದರ ಐದು ಪಟ್ಟು ತೂಗುತ್ತದೆ. ಆದ್ದರಿಂದ "ಭಾರ ತಡೆಯುತ್ತದಾ" ಅಂತ ಕೇಳಬೇಡಿ, ಹಿಂದಿನ ಮಣ್ಣು ತಳ್ಳುವುದನ್ನು ತಡೆಯುತ್ತದಾ ಅಂತ ಕೇಳಿ.

ಬಲದಂಡೆಯಲ್ಲಿ ಕಲ್ಲಿನ ಮೇಲೆ ನಾಲ್ಕೂವರೆ ಮೀಟರ್ ಗೋಡೆ ಎಂದುಕೊಳ್ಳಿ. ತಲೆ 75 ಸೆಂ.ಮೀ., ಬುಡ 2 ಮೀ., ಹಳ್ಳದ ಕಡೆ ನೇರ, ಮಣ್ಣಿನ ಕಡೆ ಓರೆ. ಉದ್ದ 2.2 ಮೀ. ಅಂದರೆ ಹದಿಮೂರೂವರೆ ಘನಮೀಟರ್ ಸೈಜುಗಲ್ಲಿನ ಕಟ್ಟಣೆ. 1:4 ಗಾರೆಗೆ ಘನಮೀಟರಿಗೆ ಎರಡೂವರೆ ಚೀಲ, ಒಟ್ಟು 34 ಚೀಲ. ತಲೆಯ ಮೇಲೆ 30 ಸೆಂ.ಮೀ. ದಪ್ಪದ ಬೆಡ್ ಬ್ಲಾಕ್ (ಬೀಮು ಕೂರುವ ಕಾಂಕ್ರೀಟ್ ದಿಂಡು), 12 ಮಿ.ಮೀ. ಸರಳಿನ ಎರಡು ಜಾಲರಿ. ಹೊರಗೆ ಕಲ್ಲು, ಒಳಗೆ ಬರೀ ಚೂರು ತುಂಬಿಸುವ ಕಟ್ಟಣೆ ಒಪ್ಪಬೇಡಿ. ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಲ್ಲು ಒಂದೂವರೆ ಮೀಟರಿಗೊಂದಾದರೂ ಸಾಲಿನಲ್ಲಿ ಬರಲಿ. ಅಷ್ಟುದ್ದದ ಕಲ್ಲು ಸಿಗದ ಬುಡದ ಕಡೆ ಎರಡು ಮೂರು ಕಲ್ಲು ಒಂದರ ಮೇಲೊಂದು ಹತ್ತುವಂತೆ ಜೋಡಿಸಲಿ.

ಬೀಮುಲೆಕ್ಕ
ಆ ಗೋಡೆಯ ಲೆಕ್ಕ ಹೇಳಿಬಿಡುತ್ತೇನೆ, ನೀರಿಂಡಿ ತೂತನ್ನು (ಗೋಡೆಯ ಹಿಂದಿನ ನೀರು ಹೊರಗೆ ಬರಲು ಬಿಡುವ ತೂತು) ಯಾಕೆ ಅಷ್ಟು ಒತ್ತಿ ಹೇಳುತ್ತಾರೆ ಅಂತ ತಿಳಿಯಲಿ. ಒಣಮಣ್ಣು ಮೀಟರ್ ಉದ್ದಕ್ಕೆ 6 ಟನ್ ತಳ್ಳುತ್ತದೆ. ಉರುಳದಂತೆ ಹಿಡಿಯುವ ಬಲ ಉರುಳಿಸುವ ಬಲದ ಎರಡು ಪಟ್ಟು ಇದೆ, ಸಾಕು. ಅದೇ ಗೋಡೆಯ ಹಿಂದೆ ತಲೆಯವರೆಗೆ ನೀರು ತುಂಬಿದರೆ ತಳ್ಳುವುದು 13 ಟನ್. ಹಿಡಿಯುವ ಬಲ ಉರುಳಿಸುವ ಬಲಕ್ಕಿಂತ ಕಡಿಮೆಯಾಗುತ್ತದೆ. ನೆರೆ ಏರಿದ್ದಾಗ ಹಳ್ಳದ ಕಡೆಯ ನೀರು ಎದುರಿನಿಂದ ಒತ್ತಿ ಹಿಡಿದಿರುತ್ತದೆ. ನೆರೆ ಸರ್ರನೆ ಇಳಿದು, ಹಿಂದಿನ ಮಣ್ಣಿನಲ್ಲಿ ನೀರು ಉಳಿದಾಗ ಗೋಡೆ ಮಗುಚುತ್ತದೆ. "ನೆರೆ ಇಳಿದ ಮೇಲೆ ಬಿತ್ತು" ಅಂತ ಜನ ಹೇಳುವುದು ಇದಕ್ಕೇ.

ಕಲ್ಲುಗಾರೆ
ಆ ತೂತಿಗೆ 100 ಮಿ.ಮೀ. ಪಿವಿಸಿ ಪೈಪು, ಮೀಟರಿಗೊಂದು, ಸಾಲಿಂದ ಸಾಲಿಗೆ ಎಡಬಲ ಸರಿಸಿ, ಹಳ್ಳದ ಕಡೆಗೆ ಸ್ವಲ್ಪ ಇಳಿಜಾರು. ಗೋಡೆ ಹಿಂದೆ 60 ಸೆಂ.ಮೀ. ದಪ್ಪಕ್ಕೆ ಜಲ್ಲಿ: ಗೋಡೆ ಹತ್ತಿರ ದೊಡ್ಡದು, ಮಣ್ಣಿನ ಹತ್ತಿರ ಸಣ್ಣದು. ಕಟ್ಟುವಾಗ ಪೈಪಿನ ಬಾಯಿಗೆ ಗೋಣಿ ತುರುಕುತ್ತಾರೆ, ಗಾರೆ ಬೀಳದಿರಲಿ ಅಂತ. ಆಮೇಲೆ ತೆಗೆಯಲು ಮರೆಯುತ್ತಾರೆ. ಸರಳು ತೂರಿಸಿ ನೋಡಿಯೇ ಬಿಲ್ಲು ಕೊಡಿ. ಹಿಂದೆ ಜೇಡಿ ತುಂಬಬೇಡಿ. 20 ಸೆಂ.ಮೀ. ಪದರ ಪದರವಾಗಿ ದಿಮ್ಮಸು ಹೊಡೆಯಿರಿ, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಏರು ಕುಸಿದು ಸಂಕದ ತುದಿಯಲ್ಲಿ ಮೆಟ್ಟಿಲಾಗುತ್ತದೆ.

ರೆಕ್ಕೆಗೋಡೆ (ಗೋಡೆಯ ಎರಡೂ ಬದಿಗೆ ಓರೆಯಾಗಿ ದಂಡೆಯೊಳಗೆ ಹೋಗುವ ಗೋಡೆ) 45 ಡಿಗ್ರಿಗೆ, ದಂಡೆಯೊಳಗೆ ಒಂದು ಮೀಟರಾದರೂ ಹೂಳಬೇಕು. ಚರ್ಚೆಯೆಲ್ಲ ಬೀಮಿನ ಮೇಲೆ ನಡೆಯುತ್ತದೆ, ಹಣವೂ ಅಲ್ಲೇ ಮುಗಿಯುತ್ತದೆ. ಕೊನೆಗೆ ನೀರು ರೆಕ್ಕೆಗೋಡೆಯ ಹಿಂದೆ ನುಗ್ಗಿ ಏರನ್ನೇ ಒಯ್ಯುತ್ತದೆ. ಸಂಕ ಹಳ್ಳದ ನಡುವೆ ನಿಂತಿರುತ್ತದೆ, ಹತ್ತಲು ದಾರಿ ಇರುವುದಿಲ್ಲ.

ತೋಟದಾಚೆ
ಎಡದಂಡೆ ಪಾಯ ಎಷ್ಟು ಆಳ?

ಜಲಮಾಪಕ
ಅದೇ ದುಬಾರಿ. ಮೀಟರ್ ಅಗಲಕ್ಕೆ ಹರಿವು ಸೆಕೆಂಡಿಗೆ 4.57 ಘನಮೀಟರ್. ನೀರು ತಳವನ್ನು ಎಷ್ಟು ಕೊರೆಯುತ್ತದೆ ಎಂದು ತಿಳಿಯಲು ಲೇಸಿ ಸೂತ್ರ; ಮಧ್ಯಮ ಮರಳಿಗೆ ಅದರ ಅಂಕ 1.25. ಸರಾಸರಿ ಕೊರೆತ ನೆರೆಮಟ್ಟದಿಂದ 3.43 ಮೀ. ದಂಡೆಗೋಡೆಗೆ ಅದರ 1.27 ಪಟ್ಟು, 4.35. ಅಂದರೆ ತಳದಿಂದ 2.15 ಮೀ. ಕೆಳಗಿನವರೆಗೆ ಮರಳು ಹೋಗಬಹುದು. ಅದರ ಕೆಳಗೆ ಇನ್ನೂ 2 ಮೀ. ಪಾಯ ಇಳಿಯಬೇಕು. ತಳದಿಂದ 4.15 ಮೀಟರ್. ಗೋಡೆಯ ಒಟ್ಟು ಎತ್ತರ 7.2 ಮೀಟರ್ ದಾಟಿತು. ಗುಂಡುಕಲ್ಲು ಹೆಚ್ಚಿದ್ದರೆ ಲೇಸಿ ಸೂತ್ರ ಸರಿಹೊಂದದು, ಗುಂಡಿ ತೋಡಿ ನೋಡದೆ ಗತಿಯಿಲ್ಲ.

ಬಲದಂಡೆಗೆ ಈ ತಲೆನೋವಿಲ್ಲ. ಗಟ್ಟಿಕಲ್ಲಿನಲ್ಲಿ 60 ಸೆಂ.ಮೀ. ಕೊರೆದು ಕೂರಿಸಿದರೆ ಆಯಿತು. ಮೆದುಕಲ್ಲು, ಮುರಕಲ್ಲಾದರೆ ಒಂದೂವರೆ ಮೀಟರ್.

ಇನ್ನೊಂದು ದಾರಿ ತಳಕ್ಕೇ ಕಲ್ಲು ಹಾಸುವುದು. ಮೇಲ್ಗಡೆ 3 ಮೀ., ಕೆಳಗಡೆ 5 ಮೀ. ಉದ್ದಕ್ಕೆ ಹಾಸಿ, ಅಂಚಿಗೆ ಮೇಲ್ಗಡೆ 2 ಮೀ., ಕೆಳಗಡೆ ಎರಡೂವರೆ ಮೀ. ಆಳದ ತಡೆಗೋಡೆ. ಆಗ ಪಾಯ ಹಾಸಿನಿಂದ 2 ಮೀ. ಸಾಕು. ಆದರೆ 90 ಚದರ ಮೀಟರ್ ಹಾಸು, ಎರಡು ತಡೆಗೋಡೆ. ತಡೆಗೋಡೆ ಬಿಟ್ಟು ಬರೀ ಹಾಸು ಹಾಕಿದರೆ ಕೆಳಅಂಚಿನಿಂದ ಒಂದೊಂದೇ ಕಲ್ಲು ಕಿತ್ತು ಬರುತ್ತದೆ.

ಕಿಂಡಿ
ಹೇಗೂ ತಳಹಾಸು, ತಡೆಗೋಡೆ ಹಾಕುವುದಾದರೆ ಕಿಂಡಿ ಅಣೆಕಟ್ಟನ್ನೇ ಮಾಡಿ ಮೇಲೆ ಸಂಕ ಕೊಡಬಹುದಲ್ಲ? ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟೋ ಕಡೆ ಹಾಗೇ ಇದೆ, ಬೇಸಿಗೆಗೆ ತೋಟಕ್ಕೂ ನೀರು.

ಜಲಮಾಪಕ
ಹಾಗೆ ಮಾಡಿದರೆ ಹಳ್ಳದ ನಡುವೆ ಎರಡು ಮೀಟರಿಗೊಂದು ಕಂಬ ಬರುತ್ತದೆ. 12 ಮೀಟರಿನ ಮಲೆನಾಡಿನ ಹಳ್ಳದಲ್ಲಿ ಬುಡಸಮೇತ ಬರುವ ಮರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೂವರೆ ಮೀಟರ್ ನೀರು ನಿಲ್ಲಿಸಿದರೆ ಮೀಟರ್ ಅಗಲಕ್ಕೆ 1.1 ಟನ್ ತಳ್ಳುತ್ತದೆ. ಅದು ದೊಡ್ಡದಲ್ಲ, ತಳದಡಿ ನುಸುಳುವ ನೀರೇ ಅಪಾಯ. ಮರಳಿನಲ್ಲಿ ನುಸುಳಿದ ನೀರು ಕೆಳಗಡೆ ಬುಗ್ಗೆಯಾಗಿ ಎದ್ದು ಮರಳನ್ನೂ ತರುತ್ತದೆ.

ಹಲಗೆಯ ಶಿಸ್ತೂ ಬೇಕು. ಮಳೆ ನಿಂತು ಹರಿವು ಇಳಿದ ಮೇಲೆ ಎರಡು ಸಾಲು ಹಲಗೆ ಇಟ್ಟು ನಡುವೆ ಜೇಡಿ ತುಂಬಬೇಕು, ಮುಂಗಾರಿಗೆ ಮುಂಚೆ ಎಲ್ಲ ತೆಗೆಯಬೇಕು. ತೆಗೆಯುವ ಹೊಣೆ ಯಾರದ್ದೆಂದು ಊರು ಮೊದಲೇ ತೀರ್ಮಾನಿಸದ ಕಡೆ ಕಟ್ಟಬೇಡಿ.

ಕಡವುಮನೆ
ತೂಗುಸೇತುವೆ ಯಾರೂ ಹೇಳಲಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದು ಅದೇ ಬಗೆಯದು. ಹಳ್ಳದೊಳಗೆ ಕಂಬವೇ ಬೇಡ.

ಬೀಮುಲೆಕ್ಕ
ಅದು 40 ಮೀಟರ್ ದಾಟಿದ ಹೊಳೆಗೆ. 60 ಮೀ. ಉದ್ದ, ಮೀಟರಿಗೆ 500 ಕೆ.ಜಿ., ಜೋಲು 6 ಮೀ. ಆದರೆ ಹಗ್ಗಗಳಲ್ಲಿ ಅಡ್ಡ ಎಳೆತ 37 ಟನ್ ಮೀರುತ್ತದೆ. ಅದನ್ನು ಹಿಡಿಯುವ ಲಂಗರುದಿಂಡಿಗೆ ದಂಡೆಯ ಹಿಂದೆ ಜಾಗ, ಕಾಂಕ್ರೀಟ್ ಎರಡೂ ಬೇಕು. 12 ಮೀಟರಿಗೆ ಲಂಗರೇ ಸಂಕಕ್ಕಿಂತ ದುಬಾರಿ. ಹಗ್ಗದ ಕ್ಲಿಪ್ಪು ಹಾಕುವುದರಲ್ಲಿ ಒಂದು ಎಚ್ಚರ: ಕ್ಲಿಪ್ಪಿನ ತಡಿ (ಹಗ್ಗ ಕೂರುವ ಗಟ್ಟಿ ತುಂಡು) ಎಳೆತ ಇರುವ ಹಗ್ಗದ ಮೇಲೆ, ಯು ಬೋಲ್ಟು ಸುಮ್ಮನಿರುವ ತುದಿಯ ಮೇಲೆ. ಅದಲುಬದಲಾದರೆ ಎಳೆಯುವ ಹಗ್ಗವೇ ನಸುಕುತ್ತದೆ. ಪೂರ್ತಿ ಭಾರ ಬಿದ್ದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು.

ತೋಟದಾಚೆ
ಎಡದಂಡೆಯಲ್ಲಿ ಗುಂಡಿ ತೋಡಿಸಿದೆವು. ತಳದಿಂದ ಎರಡೂವರೆ ಮೀಟರ್ ಕೆಳಗೂ ಮರಳೇ, ನೀರು ನುಗ್ಗಿ ಮುಂದೆ ಆಗಲಿಲ್ಲ. 30 ಮೀಟರ್ ಮೇಲೆ ಎರಡೂ ದಂಡೆಯಲ್ಲಿ ಕಲ್ಲು ಕಾಣುತ್ತದೆ, ಆದರೆ ಅಲ್ಲಿ ಅಗಲ 14 ಮೀ.

ಬೀಮುಲೆಕ್ಕ
ಹಾಗಾದರೆ ಅಲ್ಲಿಗೇ ಹೋಗಿ. ಲೆಕ್ಕದ ಉದ್ದ 14.5 ಮೀ. ಐಎಸ್‌ಎಂಬಿ 400 ಎರಡು: ಒಳಒತ್ತಡ 120ರೊಳಗೆ, ಜನಭಾರಕ್ಕೆ ಬಾಗು 33 ಮಿ.ಮೀ., ಕಂಪನ 3.1. ಎರಡು ಬೀಮು 15 ಮೀಟರಿನಂತೆ 1850 ಕೆ.ಜಿ. ಮೊದಲಿನ ಜಾಗದಲ್ಲಿ 1360 ಬರುತ್ತಿತ್ತು. 490 ಕೆ.ಜಿ. ಕಬ್ಬಿಣ ಹೆಚ್ಚು ಕೊಟ್ಟು ಏಳೂಕಾಲು ಮೀಟರಿನ ಗೋಡೆಯಿಂದ ಪಾರಾಗುತ್ತೀರಿ.

ಜಲಮಾಪಕ
ಆ ಜಾಗದ ಅಡ್ಡಕೊಯ್ತ ಹೊಸದಾಗಿ ತೆಗೆಯಿರಿ, ನೆರೆಮಟ್ಟವನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಇಡಬೇಡಿ. ಎರಡೂ ಕಡೆಯ ಕಲ್ಲು ಬಂಡೆಯೋ ಹೂತ ಗುಂಡೋ ಎಂದು ಹಾರೆ ಹಾಕಿ ನೋಡಿ. ಹಳ್ಳ ಖರಾಬು ಜಾಗವಾದ್ದರಿಂದ ಗ್ರಾಮ ಪಂಚಾಯತಿಯ ಒಪ್ಪಿಗೆ ಕಾಗದದಲ್ಲಿ ಇರಲಿ.

ವೆಲ್ಡಿಂಗ್‌ಶಾಪ್
15ಕ್ಕೆ 12 + 3 ಆಗುತ್ತದೆ. ಜೋಡಣೆ ಆಸರೆಯಿಂದ ದೂರ ಬಂತಲ್ಲ?

ಬೀಮುಲೆಕ್ಕ
ಹೌದು, ಅಲ್ಲಿ ಬಾಗುಬಲ ಶೇ. 60 ದಾಟುತ್ತದೆ. ಪೂರ್ತಿ ಆಳದ ವೆಲ್ಡಿನ ಜೊತೆ ಕೆಳಪಟ್ಟಿಗೂ ನಡುಹಲಗೆಗೂ (ಎರಡು ಪಟ್ಟಿಗಳ ನಡುವೆ ನಿಂತಿರುವ ಭಾಗ) ತೇಪೆತಗಡು ಹಾಕಿ. ತಗಡಿನ ಉದ್ದದ ಅಂಚುಗಳಿಗೆ ಮಾತ್ರ ವೆಲ್ಡ್, ಪಟ್ಟಿಗೆ ಅಡ್ಡಲಾಗಿ ಬೇಡ. ಒಂದು ತುದಿಯ ಬೋಲ್ಟಿಗೆ 22ರ ದುಂಡುತೂತು, ಇನ್ನೊಂದು ತುದಿಗೆ 22 × 40ರ ಉದ್ದತೂತು. ಬಿಸಿಲಿಗೆ 5 ಮಿ.ಮೀ. ಹಿಗ್ಗಲು ಜಾಗ ಬೇಕು. ಅಡ್ಡ ತಳ್ಳುವಿಕೆಗೆ 20 ಮಿ.ಮೀ. ಬೋಲ್ಟು ತುದಿಗೆ ನಾಲ್ಕರಂತೆ ಧಾರಾಳ, ಆದರೆ ಬೆಡ್ ಬ್ಲಾಕಿನ ಅಂಚಿನಿಂದ 15 ಸೆಂ.ಮೀ. ಒಳಗಿರಲಿ, ಇಲ್ಲದಿದ್ದರೆ ಬೋಲ್ಟು ಉಳಿದು ಕಾಂಕ್ರೀಟ್ ಒಡೆಯುತ್ತದೆ.

ಕಲ್ಲುಗಾರೆ
ಪಾಯದ ಕೆಲಸ ಜನವರಿಯಲ್ಲಿ ಹಿಡಿಯಿರಿ, ಹರಿವು ಅಷ್ಟರಲ್ಲಿ ತಗ್ಗಿರುತ್ತದೆ. ಹಾಸಿನ ಕಾಂಕ್ರೀಟ್ ಏಪ್ರಿಲ್ ಕೊನೆಯೊಳಗೆ. ಒದ್ದೆಗೋಣಿ ಹೊದಿಸಿ ಎರಡು ವಾರ ನೀರುಣಿಸಿ, 28 ದಿನ ಬೈಕು ಬಿಡಬೇಡಿ. ಹಳೆಯ ಅಡಿಕೆ ಸಂಕ ಅಲ್ಲಿಯವರೆಗೆ ಇರಲಿ, ಆಮೇಲೆ ಕಿತ್ತುಹಾಕಿ. ನೆರೆಯಲ್ಲಿ ತೇಲಿ ಬಂದು ಹೊಸ ರೆಕ್ಕೆಗೋಡೆಗೆ ಅಡ್ಡ ಸಿಕ್ಕಿಕೊಳ್ಳುವುದು ಅದೇ ಮರ.